ನಿಂತ ಹಡಗಿಗೆ ಖರ್ಚು ಜಾಸ್ತಿ

ಅಮೆರಿಕದ ಫ್ಲೋರಿಡಾದಲ್ಲಿ ಒಂದು ಕೌಂಟಿಯವರು 2024ರ ಅಕ್ಟೋಬರಿನಲ್ಲಿ ಒಂದು ಹಡಗು ಕೊಂಡರು. ಕೊಂಡಿದ್ದು ಮುಳುಗಿಸುವುದಕ್ಕೆ. ಹಡಗಿನ ಹೆಸರು ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್, ಉದ್ದ 990 ಅಡಿ. 1952ರ ಜುಲೈನಲ್ಲಿ ಮೊದಲ ಪ್ರಯಾಣದಲ್ಲೇ ಅಟ್ಲಾಂಟಿಕನ್ನು 3 ದಿನ 10 ಗಂಟೆ 40 ನಿಮಿಷದಲ್ಲಿ ದಾಟಿ ಹಳೆಯ ದಾಖಲೆ ಮುರಿದಿತ್ತು. ವಿಮಾನಗಳು ಬಂದ ಮೇಲೆ ಹಡಗಿನಲ್ಲಿ ಹೋಗುವವರು ಕಡಿಮೆಯಾದರು, 1969ರಲ್ಲಿ ನಿಂತಿತು. ಆಮೇಲೆ ಮಾಲೀಕರು ಬದಲಾಗುತ್ತಾ ಹೋದರು. 1984ರಲ್ಲಿ ಒಳಗಿನ ಸಾಮಾನೆಲ್ಲ ಹರಾಜಾಯಿತು. 1996ರಿಂದ ಫಿಲಡೆಲ್ಫಿಯಾದ ಧಕ್ಕೆಯಲ್ಲಿ ಕಟ್ಟಿಹಾಕಿದ್ದರು. ಹೇಗಾದರೂ ಉಳಿಸಬೇಕು ಅಂತ ಒಂದು ಸಂಸ್ಥೆ 2011ರಲ್ಲಿ ಅದನ್ನು ಕೊಂಡುಕೊಂಡಿತು, ಹಡಗಿನ ವಿನ್ಯಾಸ ಮಾಡಿದ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಅವರ ಮೊಮ್ಮಗಳೇ ಮುಂದೆ ನಿಂತಿದ್ದರು. ಹೋಟೆಲ್ ಮಾಡೋಣ, ಮ್ಯೂಸಿಯಂ ಮಾಡೋಣ ಅಂತ ಮಾತುಕತೆ ನಡೆದೇ ಇತ್ತು. ಕೊನೆಗೆ ಧಕ್ಕೆಯ ಬಾಡಿಗೆ ವಿಷಯ ಕೋರ್ಟಿಗೆ ಹೋಗಿ, ಜಾಗ ಖಾಲಿ ಮಾಡಿ ಅಂತ ಆದೇಶ ಬಂತು. 2025ರ ಫೆಬ್ರವರಿಯಲ್ಲಿ ಟಗ್ ದೋಣಿಗಳು ಅದನ್ನು ಎಳೆದುಕೊಂಡು ಹೊರಟವು. ಕಡಲ ತಳದಲ್ಲಿ ಮೀನುಗಳಿಗೆ ಮನೆಯಾಗಿ, ಡೈವಿಂಗ್ ಮಾಡುವವರಿಗೆ ನೋಡುವ ಜಾಗವಾಗಿ ಇರಲಿ ಅಂತ ಯೋಜನೆ.

ಶಿವಮೊಗ್ಗ ಜಿಲ್ಲೆಯ ಒಂದು ಮೂಲೆಯಲ್ಲಿ ಕೂತು ಈ ಹಡಗಿನ ಚಿಂತೆ ನನಗ್ಯಾಕೆ ಅನ್ನಿಸಬಹುದು. ನಮ್ಮಲ್ಲೂ ಕೆಲಸ ಮುಗಿಸಿದ ಹಡಗುಗಳಿವೆ, ಅದಕ್ಕೆ. ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಶರಾವತಿ ಹಿನ್ನೀರಿನ ಲಾಂಚುಗಳು. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚಿಗೆ ಕಾಯುವ ಕಾಲ ಅಲ್ಲಿಗೆ ಮುಗಿಯಿತು. ತುಮರಿ ಕಡೆಯವರಿಗೆ ಸೇತುವೆ ಎಷ್ಟು ದೊಡ್ಡ ವಿಷಯ ಅಂತ ಅವರನ್ನೇ ಕೇಳಬೇಕು. ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡುವುದು ಅನ್ನುವ ಭಯದಲ್ಲೇ ಒಂದೆರಡು ತಲೆಮಾರು ಬದುಕಿವೆ. ನಾಡಿಗೆ ಕರೆಂಟ್ ಕೊಡುವ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರು ಅವರು, ದಡಕ್ಕೆ ಬರಲು ಒಂದು ಸೇತುವೆಗೆ ಅರವತ್ತು ವರ್ಷ ಕಾದವರೂ ಅವರೇ. ಸೇತುವೆ ಬಂದದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈಗ ಲಾಂಚನ್ನು ಏನು ಮಾಡುವುದು? ಸಾಗರದ ಕಡೆ ಯಾವ ಚಹಾ ಅಂಗಡಿಗೆ ಹೋದರೂ ಒಂದು ಮಾತು ಕೇಳುತ್ತದೆ: ತೇಲುವ ಹೋಟೆಲ್ ಮಾಡಬಹುದಲ್ವಾ, ಟೂರಿಸ್ಟ್‌ಗಳು ಬರ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಹೋಟೆಲ್ ಆದ ಹಳೆಯ ಹಡಗು ಕ್ವೀನ್ ಮೇರಿ ನೆನಪಾಗುತ್ತದೆ.

ಕ್ವೀನ್ ಮೇರಿ ಇರುವುದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ. ತಂಗಿಯ ಮನೆಗೆ ಹೋದಾಗ ಒಂದು ರಾತ್ರಿ ಅಲ್ಲಿ ಉಳಿದಿದ್ದೆ. ದೂರದಿಂದ ನೋಡಿದರೆ ಹಡಗು ಅಂತಲೇ ಅನ್ನಿಸುವುದಿಲ್ಲ, ಒಂದು ಬೀದಿಯನ್ನೇ ಎತ್ತಿ ನೀರಿನಲ್ಲಿ ಇಟ್ಟಿದ್ದಾರೆ ಅನ್ನಿಸುತ್ತದೆ, ಅಷ್ಟು ಉದ್ದ, 1,019 ಅಡಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಕಟ್ಟಿದ್ದು. 1930ರಲ್ಲಿ ಕೆಲಸ ಶುರುವಾಗಿ, ಮರುವರ್ಷವೇ ಆರ್ಥಿಕ ಕುಸಿತದಿಂದ ನಿಂತು, 1934ರಲ್ಲಿ ಮತ್ತೆ ಹಿಡಿದು, 1936ರ ಮೇ ತಿಂಗಳಲ್ಲಿ ಮೊದಲ ಪ್ರಯಾಣ ಹೊರಟಿತು. ಯುದ್ಧದ ಕಾಲದಲ್ಲಿ ಬೂದು ಬಣ್ಣ ಬಳಿದು ಸೈನಿಕರನ್ನು ಸಾಗಿಸಿದರು. 1943ರ ಜುಲೈನಲ್ಲಿ ಒಂದೇ ಪ್ರಯಾಣದಲ್ಲಿ 16,683 ಜನ ಇದ್ದರಂತೆ. ಆ ಸಂಖ್ಯೆ ಓದಿ ಡೆಕ್ ಮೇಲೆ ನಿಂತು ಒಮ್ಮೆ ಸುತ್ತ ನೋಡಿದೆ. ಇಲ್ಲಿ ಅಷ್ಟು ಜನ ಎಲ್ಲಿ ಮಲಗಿದರು ಅಂತ ಯೋಚಿಸಿದರೆ ತಲೆ ತಿರುಗುತ್ತದೆ.

ಕೋಣೆ ಚಿಕ್ಕದು. ಗೋಡೆ ಪೂರ್ತಿ ಮರದ ಹಲಗೆ, ಮೇಲೆ ಪಾಲಿಶ್ ಹೊಳೆಯುತ್ತದೆ, ಆದರೆ ಕಿಟಕಿಯ ಕೆಳಗಿನ ಮೂಲೆಯಲ್ಲಿ ಪದರ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಮೆತ್ತಗೆ. ನೀರು ಕುಡಿದ ಮರ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಗೊತ್ತಲ್ಲ, ಹಾಗೇ. ಸ್ನಾನದ ತೊಟ್ಟಿಗೆ ನಾಲ್ಕು ನಲ್ಲಿ. ಎರಡು ಸಿಹಿನೀರಿಗೆ, ಎರಡು ಉಪ್ಪುನೀರಿಗೆ, ಎರಡರಲ್ಲೂ ಬಿಸಿ ಒಂದು, ತಣ್ಣಗಿನದು ಒಂದು. ಆಗಿನ ಕಾಲದಲ್ಲಿ ಕಡಲ ನೀರಲ್ಲೇ ಸ್ನಾನ ಮಾಡುತ್ತಿದ್ದರು. ಉಪ್ಪುನೀರಿನ ನಲ್ಲಿ ತಿರುಗಿಸಿದೆ, ಸುಮ್ನೆ ತಿರುಗುತ್ತದೆ, ಏನೂ ಬರುವುದಿಲ್ಲ. ಊಟದ ದೊಡ್ಡ ಹಾಲಿನಲ್ಲಿ ಗೋಡೆ ಮೇಲೆ ಅಟ್ಲಾಂಟಿಕ್‌ನ ಒಂದು ನಕ್ಷೆ ಇದೆ. ಅದರಲ್ಲಿ ಗಾಜಿನ ಒಂದು ಪುಟ್ಟ ಹಡಗು. ನಿಜವಾದ ಹಡಗು ಎಲ್ಲಿದೆಯೋ ಅದಕ್ಕೆ ಸರಿಯಾಗಿ ಈ ಗಾಜಿನ ಹಡಗೂ ಸರಿಯುತ್ತಿತ್ತು, ಪ್ರಯಾಣಿಕರು ಊಟ ಮಾಡುತ್ತಾ ನೋಡುತ್ತಿದ್ದರು, ಇವತ್ತು ಇಷ್ಟು ದೂರ ಬಂದೆವು ಅಂತ. ಆ ನಕ್ಷೆಯ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

1967ರಲ್ಲಿ ಲಾಂಗ್ ಬೀಚ್ ನಗರ ಈ ಹಡಗಿಗೆ ಕೊಟ್ಟಿದ್ದು 34.5 ಲಕ್ಷ ಡಾಲರ್. ಅಲ್ಲಿನ ಕಡಲ ತೀರದಲ್ಲಿ ಸಿಗುವ ಎಣ್ಣೆಯ ದುಡ್ಡು ಕೈಯಲ್ಲಿತ್ತು. ಬೆಲೆ ಅಗ್ಗ, ಆದರೆ ಹೋಟೆಲ್ ಮಾಡಲು ಅದರ ಎಷ್ಟೋ ಪಟ್ಟು ಸುರಿಯಬೇಕಾಯಿತು. ಬಾಯ್ಲರುಗಳನ್ನೆಲ್ಲ ಕಿತ್ತು ತೆಗೆದರು. ಮೂರು ಹೊಗೆಕೊಳವೆಗಳನ್ನು ಇಳಿಸಿದಾಗ ಒಳಗೆ ಕಬ್ಬಿಣವೇ ಉಳಿದಿರಲಿಲ್ಲ, ವರ್ಷ ವರ್ಷ ಬಳಿದ ಬಣ್ಣದ ಪದರಗಳೇ ಅವನ್ನು ಹಿಡಿದು ನಿಲ್ಲಿಸಿದ್ದವು ಅಂತ ಹೇಳುತ್ತಾರೆ. ಈಗ ಇರುವುದು ಅಲ್ಯೂಮಿನಿಯಂನಲ್ಲಿ ಹೊಸದಾಗಿ ಮಾಡಿದ್ದು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕಾನೂನಿನ ಪ್ರಕಾರ ಅದು ಈಗ ಹಡಗಲ್ಲ, ಕಟ್ಟಡ.

ಇಲ್ಲಿಂದಲೇ ತೊಂದರೆ ಶುರುವಾಗುವುದು.

ಓಡುವ ಹಡಗನ್ನು ಕೆಲವು ವರ್ಷಕ್ಕೊಮ್ಮೆ ಡ್ರೈಡಾಕ್‌ಗೆ ತರುತ್ತಾರೆ. ನೀರು ಖಾಲಿ ಮಾಡಿ, ತಳ ಕೆರೆದು, ಉಕ್ಕಿನ ದಪ್ಪ ಅಳೆದು, ತೆಳುವಾದ ಕಡೆ ಹೊಸ ತಗಡು ಬೆಸೆದು, ಬಣ್ಣ ಬಳಿದು ಕಳಿಸುತ್ತಾರೆ. ನೂರಾರು ಜನ ಸಿಬ್ಬಂದಿ ಹಗಲೂ ರಾತ್ರಿ ಒಳಗೇ ಇರುತ್ತಾರೆ, ಎಲ್ಲಿ ಸೋರಿದರೂ ಅವತ್ತೇ ಕಾಣುತ್ತದೆ. ಹೋಟೆಲ್ ಆದ ಮೇಲೆ ಇದೆಲ್ಲ ನಿಲ್ಲುತ್ತದೆ, ತುಕ್ಕು ಮಾತ್ರ ನಿಲ್ಲುವುದಿಲ್ಲ. ಕ್ವೀನ್ ಮೇರಿ ಹೋಟೆಲ್ ಆದ ಮೇಲೆ ಡ್ರೈಡಾಕ್ ಕಂಡೇ ಇಲ್ಲ. ಕೆಳಗಿನಿಂದ ಉಪ್ಪುನೀರು ತಿನ್ನುತ್ತದೆ, ಮೇಲಿನಿಂದ ಮಳೆನೀರು ಡೆಕ್‌ನ ಸಂದಿಯಲ್ಲಿ ಇಳಿದು ಯಾರೂ ಹೋಗದ ಕಡೆ ನಿಲ್ಲುತ್ತದೆ. ನಮ್ಮ ಹಳೇ ಹೆಂಚಿನ ಮನೆ ಇದ್ದ ಹಾಗೆ ಇದು. ಜನ ಇದ್ದು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ, ಒಡೆದದ್ದು ಬದಲಿಸುತ್ತಿದ್ದರೆ ನೂರೈವತ್ತು ವರ್ಷ ನಿಲ್ಲುತ್ತದೆ. ಎರಡು ಮಳೆಗಾಲ ಬಿಟ್ಟರೆ ಪಕಾಸಿ ಕೊಳೆತು ಮಾಡೇ ಕೂರುತ್ತದೆ.

ಸರಿ, ಈ ಕೆಲಸ ಯಾರು ಮಾಡಬೇಕು? ಹಡಗು ನಗರದ್ದು, ಹೋಟೆಲ್ ನಡೆಸುವುದು ಗುತ್ತಿಗೆ ಹಿಡಿದ ಕಂಪನಿ. ಐವತ್ತು ವರ್ಷದಲ್ಲಿ ಒಂದರ ಹಿಂದೆ ಒಂದು ಕಂಪನಿ ಬಂದು ಹೋದವು. ನಡುವೆ 1988ರಿಂದ 1992ರವರೆಗೆ ಡಿಸ್ನಿ ಕಂಪನಿಯೂ ನಡೆಸಿತು, ಡಿಸ್ನಿಗೇ ಲಾಭ ಕಾಣಲಿಲ್ಲ. ಗುತ್ತಿಗೆದಾರನ ಕಷ್ಟವೂ ಅರ್ಥವಾಗುತ್ತದೆ. ಕೈಗೆ ಬಂದ ದುಡ್ಡನ್ನು ಅವನು ಲಾಬಿಯ ಕಾರ್ಪೆಟ್‌ಗೆ, ದೀಪಕ್ಕೆ, ಹಾಸಿಗೆಗೆ ಹಾಕುತ್ತಾನೆ, ಗಿರಾಕಿ ನೋಡುವುದು ಅದನ್ನೇ. ತಳದಲ್ಲಿ ನಿಂತ ನೀರನ್ನು ನೋಡಲು ಯಾರೂ ಟಿಕೆಟ್ ತಗೊಳ್ಳುವುದಿಲ್ಲ. ಗುತ್ತಿಗೆ ಮುಗಿದ ದಿನ ತುಕ್ಕು ಮುಂದಿನವನ ತಲೆಗೆ. ಹೀಗೆ ಕೂಡಿಕೊಂಡು ಬಂದ ಬಾಕಿಯನ್ನು 2015ರಲ್ಲಿ ಮಾಡಿದ ತಪಾಸಣೆ ಲೆಕ್ಕ ಹಾಕಿತು: ರಿಪೇರಿಗೆ 28.9 ಕೋಟಿ ಡಾಲರ್‌ವರೆಗೂ ಬೇಕು. ನಗರ ತುರ್ತು ಕೆಲಸಕ್ಕೆ ಅಂತ 2.3 ಕೋಟಿ ಡಾಲರ್ ಎತ್ತಿಕೊಟ್ಟಿತು, ಕೆಲಸದ ಪಟ್ಟಿ ಮುಗಿಯುವ ಮೊದಲೇ ದುಡ್ಡು ಮುಗಿಯಿತು. 2020ರಲ್ಲಿ ಕೊರೊನಾಕ್ಕೆ ಬಾಗಿಲು ಹಾಕಿದರು. ಮರುವರ್ಷ ಗುತ್ತಿಗೆಯ ಕಂಪನಿ ದಿವಾಳಿ ಅರ್ಜಿ ಹಾಕಿ, ಹಡಗು ತಿರುಗಿ ನಗರದ ಕೈಗೆ ಬಂತು.

ಆಗ ನಗರ ಒಂದು ಲೆಕ್ಕ ಮಾಡಿಸಿತು. ಇನ್ನು 25 ವರ್ಷ ಉಳಿಸಿಕೊಳ್ಳಲು 15ರಿಂದ 17.5 ಕೋಟಿ ಡಾಲರ್. ಒಡೆದು ಹಾಕಲು? 10.5ರಿಂದ 19 ಕೋಟಿ. ಅಂದರೆ ಸಾಯಿಸುವುದಕ್ಕೂ ಬದುಕಿಸುವುದಕ್ಕೂ ಹೆಚ್ಚು ಕಡಿಮೆ ಒಂದೇ ಖರ್ಚು. ಆ ಕಾಲದ ಹಡಗಿನ ತುಂಬಾ ಉಸಿರಿಗೆ ಅಪಾಯ ತರುವ ಆಸ್ಬೆಸ್ಟಾಸ್ ಇರುತ್ತದೆ, ಬಣ್ಣದಲ್ಲಿ ಸೀಸ ಇರುತ್ತದೆ. ಊರಿನ ನಡುವೆ ಅದನ್ನು ಸುಮ್ಮನೆ ಕತ್ತರಿಸಲು ಆಗುವುದಿಲ್ಲ. ಕೊನೆಗೆ ನಗರ ರಿಪೇರಿ ಮಾಡಿಸಿತು. ಪಕ್ಕಕ್ಕೆ ನೇತಾಡುತ್ತಿದ್ದ ಹಳೆಯ ಲೈಫ್‌ಬೋಟ್‌ಗಳನ್ನು ತೆಗೆಸಿ ಭಾರ ಇಳಿಸಿದರು, ನೀರು ಹೊರಹಾಕುವ ಪಂಪ್ ಹೊಸದು ಹಾಕಿಸಿದರು, 2023ರಲ್ಲಿ ಹೋಟೆಲ್ ಮತ್ತೆ ತೆರೆಯಿತು. ಈಗ ಲಾಭ ಬರುತ್ತಿದೆ ಅಂತ ನಗರ ಹೇಳುತ್ತದೆ. ಆ ಲಾಭ ಹಡಗಿನ ತಳಕ್ಕೇ ಹೋಗಲಿ ಅಂತ ನನ್ನ ಆಸೆ.

ದುಬೈಯಲ್ಲಿರುವ ಕ್ಯೂಇ2 (ಕ್ವೀನ್ ಎಲಿಜಬೆತ್ 2) ಹಡಗಿನದು ಬೇರೆ ಕತೆ. 1969ರಲ್ಲಿ ಓಡಾಟ ಶುರು ಮಾಡಿದ್ದು, 2007ರಲ್ಲಿ ದುಬೈ ಸರ್ಕಾರದ ಕಂಪನಿ 10 ಕೋಟಿ ಡಾಲರ್‌ಗೆ ಕೊಂಡಿತು. 2008ರ ನವೆಂಬರಿನಲ್ಲಿ ಅಲ್ಲಿಗೆ ಬಂತು, ಆ ಹೊತ್ತಿಗೆ ಜಗತ್ತಿನ ಆರ್ಥಿಕತೆಯೇ ಕುಸಿದಿತ್ತು. ಹತ್ತು ವರ್ಷ ಹಾಗೇ ನಿಂತಿತು. 2018ರಲ್ಲಿ ಹೋಟೆಲ್ ಆಗಿ ಬಾಗಿಲು ತೆರೆಯಿತು. ಒಂದು ಲೆಕ್ಕದಲ್ಲಿ ಆ ಕುಸಿತ ಒಳ್ಳೆಯದೇ ಮಾಡಿತು, ಯಾಕೆಂದರೆ ಮೊದಲಿನ ಯೋಜನೆಯಂತೆ ಹಡಗಿನ ಒಳಗನ್ನೆಲ್ಲ ಒಡೆದು ಹೊಸದಾಗಿ ಕಟ್ಟುವವರಿದ್ದರು. ದುಡ್ಡಿಲ್ಲದ್ದಕ್ಕೆ ಹಳೆಯದು ಉಳಿಯಿತು. ತೀರ್ಥಹಳ್ಳಿಯ ಗೆಳೆಯನೊಬ್ಬ ದುಬೈಯಲ್ಲೇ ಕೆಲಸದಲ್ಲಿದ್ದಾನೆ, ಬಿಡುವಿದ್ದಾಗ ಹೋಗಿ ವಿಡಿಯೊ ಕಳಿಸುತ್ತಾನೆ. ನೋಡಿಕೊಂಡಿದ್ದಾರೆ, ಚೆನ್ನಾಗಿದೆ. ಸರ್ಕಾರದ ಮನಸ್ಸು ಇರುವವರೆಗೆ ಚೆನ್ನಾಗೇ ಇರುತ್ತದೆ.

ನೆದರ್‌ಲ್ಯಾಂಡ್ಸ್‌ನ ಎಸ್‌ಎಸ್ ರಾಟರ್‌ಡ್ಯಾಮ್ ನನಗೆ ಎಲ್ಲಕ್ಕಿಂತ ಇಷ್ಟ. 1959ರ ಹಡಗು. 2008ರಲ್ಲಿ ತನ್ನ ಹೆಸರಿನ ಊರಿಗೇ ಮರಳಿತು, 2010ರಲ್ಲಿ ಹೋಟೆಲ್ ಆಯಿತು. ದುಡ್ಡಿನ ವಿಷಯಕ್ಕೆ ಬಂದರೆ ಅದೂ ದೊಡ್ಡ ಗೋಳೇ. ಬಡವರಿಗೆ ಮನೆ ಕಟ್ಟಿಕೊಡಬೇಕಾದ ಒಂದು ವಸತಿ ಸಂಸ್ಥೆ ಅದರ ಮೇಲೆ 20 ಕೋಟಿ ಯೂರೊಗೂ ಜಾಸ್ತಿ ಸುರಿದು, ಕೊನೆಗೆ ತೀರಾ ಕಡಿಮೆ ಬೆಲೆಗೆ ಒಂದು ಹೋಟೆಲ್ ಕಂಪನಿಗೆ ಮಾರಿತು. ನಷ್ಟ ಜನರದ್ದೇ. ಆದರೂ ಹಡಗು ನಿಂತಿದೆ. ಇಂಜಿನ್ ಕೋಣೆ ಹಾಗೇ ಇದೆ, ಊರಿನವರು ಸಂಬಳವಿಲ್ಲದೆ ಬಂದು ಕೆಲಸ ಮಾಡುತ್ತಾರೆ, ಬಂದವರಿಗೆ ತೋರಿಸುತ್ತಾರೆ. ಜಪಾನಿನ ಯೊಕೊಹಾಮಾದಲ್ಲಿ 1930ರ ಹಿಕಾವಾ ಮಾರು ಇದೆ, ಅದನ್ನು ಅವತ್ತು ಓಡಿಸಿದ ಕಂಪನಿಯೇ ಇವತ್ತೂ ನೋಡಿಕೊಳ್ಳುತ್ತಿದೆ. ಇಲ್ಲೆಲ್ಲ ಹಡಗು ತಮ್ಮದು ಅನ್ನುವವರು ಪಕ್ಕದಲ್ಲೇ ಇದ್ದಾರೆ. ಇದು ಬರೀ ಭಾವನೆಯ ಮಾತಲ್ಲ. ಪಂಪ್ ಕೆಟ್ಟ ದಿನ ಯಾರಿಗೆ ಫೋನ್ ಹೋಗುತ್ತದೆ ಅನ್ನುವ ಪ್ರಶ್ನೆ ಇದು.

ತಮ್ಮದು ಅನ್ನುವವರು ಇಲ್ಲದ ಕಡೆ ಏನಾಯಿತು ನೋಡಿ. ಕ್ವೀನ್ ಮೇರಿಯ ಜೊತೆಯ ಹಡಗು ಕ್ವೀನ್ ಎಲಿಜಬೆತ್‌ಅನ್ನು ಫ್ಲೋರಿಡಾದಲ್ಲಿ ಪ್ರವಾಸಿ ತಾಣ ಮಾಡಲು ಹೋಗಿ ಆಗಲಿಲ್ಲ, ಕೊನೆಗೆ 1972ರ ಜನವರಿಯಲ್ಲಿ ಹಾಂಗ್‌ಕಾಂಗ್ ಬಂದರಿನಲ್ಲಿ ಉರಿದುಹೋಯಿತು. ಸ್ಟೆಲ್ಲಾ ಪೊಲಾರಿಸ್ ಅನ್ನುವ 1927ರ ಚೆಂದದ ಹಡಗು ಜಪಾನಿನಲ್ಲಿ ವರ್ಷಗಟ್ಟಲೆ ತೇಲುವ ಹೋಟೆಲ್ ಆಗಿತ್ತು. 2006ರಲ್ಲಿ ಊರಿಗೆ ಕರೆದೊಯ್ಯೋಣ ಅಂತ ಸ್ವೀಡನ್ನಿನ ಕಡೆ ಎಳೆದುಕೊಂಡು ಹೊರಟರು, ಜಪಾನ್ ತೀರ ದಾಟುವ ಮೊದಲೇ ಮುಳುಗಿತು. ಅಷ್ಟು ವರ್ಷ ನಿಂತಲ್ಲೇ ನಿಂತ ಮೈಗೆ ಪ್ರಯಾಣ ತಡೆಯಲಿಲ್ಲ.

ನಮ್ಮ ದೇಶದ ಕತೆ ಇನ್ನೂ ನೋವಿನದು. 1971ರ ಯುದ್ಧದಲ್ಲಿ ಕೆಲಸ ಮಾಡಿದ ನೌಕಾಪಡೆಯ ಹಡಗು ಐಎನ್‌ಎಸ್ ವಿಕ್ರಾಂತ್ 2001ರಿಂದ ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು. 2012ರಲ್ಲಿ ಸುರಕ್ಷಿತವಲ್ಲ ಅಂತ ಮುಚ್ಚಿದರು, ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಹೋಯಿತು, 2014ರಲ್ಲಿ ಒಡೆದರು. ಅದರ ಉಕ್ಕು ಆಮೇಲೆ ಬೈಕಿನ ಪೆಟ್ರೋಲ್ ಟ್ಯಾಂಕ್‌ನಲ್ಲಿ ಬಂತು. ಐಎನ್‌ಎಸ್ ವಿರಾಟ್‌ಗೂ ಹಾಗೇ. ಮ್ಯೂಸಿಯಂ ಜೊತೆಗೆ ಹೋಟೆಲ್ ಮಾಡುತ್ತೇವೆ ಅಂತ 2018ರಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತ್ತು. 2020ರ ಸೆಪ್ಟೆಂಬರಿನಲ್ಲಿ ಅದು ಹಳೆಯ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗ್ ತೀರದಲ್ಲಿತ್ತು. ಫ್ರಾನ್ಸಿನ ಹೆಮ್ಮೆಯಾಗಿದ್ದ ಎಸ್‌ಎಸ್ ಫ್ರಾನ್ಸ್ ಕೂಡ ಬ್ಲೂ ಲೇಡಿ ಅನ್ನುವ ಹೆಸರಲ್ಲಿ ಅದೇ ಅಲಂಗ್‌ಗೆ ಬಂದು ಅಲ್ಲೇ ಮುಗಿಯಿತು. ಕೆಲಸ ಮಾಡಿದವರು ನಮ್ಮ ದೇಶದ ಬಡ ಕೂಲಿಗಳು, ಆಸ್ಬೆಸ್ಟಾಸ್ ಧೂಳು ಕುಡಿದವರೂ ಅವರೇ. ಹಡಗು ಉಳಿಸುವ ಮಾತಾಡುವಾಗ ಈ ಕೊನೆಯ ದೃಶ್ಯವನ್ನು ಮರೆಯಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಈಗ ಲಾಂಚಿನ ವಿಷಯಕ್ಕೆ ಬರುತ್ತೇನೆ.

ಲಾಂಚಿನಲ್ಲಿ ಬಾಯ್ಲರಿಲ್ಲ, ಮರದ ಹಲಗೆಯ ಕೋಣೆಯಿಲ್ಲ. ಒಂದು ದೊಡ್ಡ ಉಕ್ಕಿನ ಹಾಸು, ಪಕ್ಕದಲ್ಲಿ ಕಟಕಟೆ, ಇಂಜಿನ್, ಮೇಲೊಂದು ಚಾಲಕನ ಗೂಡು. ಆದರೆ ಆ ಹಾಸಿನ ಮೇಲೆ ಬಸ್ಸು ಹತ್ತುತ್ತಿತ್ತು, ಜೀಪು, ಬೈಕು, ಅಡಿಕೆ ಮೂಟೆ, ದೇವಸ್ಥಾನಕ್ಕೆ ಹೊರಟ ಮದುವೆ ದಿಬ್ಬಣ, ಶಾಲೆ ಮಕ್ಕಳು, ಆಂಬುಲೆನ್ಸ್. ಕಟಕಟೆಯ ಮೇಲೆ ಜನ ಕೈಯೂರಿ ನಿಲ್ಲುವ ಕಡೆ ಬಣ್ಣ ಹೋಗಿ ಕಬ್ಬಿಣ ನುಣ್ಣಗೆ ಹೊಳೆಯುತ್ತದೆ, ಉಳಿದ ಕಡೆ ಬಣ್ಣ ಹಾಗೇ ಇದೆ. ಯಾರೂ ಬೇಕೆಂದು ಮಾಡಿದ್ದಲ್ಲ ಅದು. ನನ್ನ ಮಟ್ಟಿಗೆ ಇಡೀ ಲಾಂಚಿನಲ್ಲಿ ಉಳಿಸಲೇಬೇಕಾದದ್ದು ಆ ಕಟಕಟೆ.

ತೇಲುವ ಹೋಟೆಲ್ ಬೇಡ ಅನ್ನುವುದಕ್ಕೆ ನನ್ನ ಮೊದಲ ಕಾರಣ ನೀರಿನ ಮಟ್ಟ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಕಟ್ಟಿದ್ದು ಕರೆಂಟಿಗೆ. ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ ಮೇಲೆ. ಮಳೆ ನಿಂತ ಮೇಲೆ ದಿನಾ ಇಳಿಯುತ್ತದೆ, ಬೇಸಿಗೆಯಲ್ಲಿ ಮುಳುಗಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮೇಲೆ ಬರುತ್ತದೆ. ನೀರು ಕಡಿಮೆಯಾದ ವರ್ಷ ಇದೇ ಹಿನ್ನೀರಿನ ಹಸಿರುಮಕ್ಕಿ ಲಾಂಚು ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಅಕ್ಟೋಬರಿನಲ್ಲಿ ತೇಲುವ ಹೋಟೆಲ್ ಏಪ್ರಿಲ್‌ನಲ್ಲಿ ಕೆಸರಿನ ಮೇಲೆ ವಾಲಿಕೊಂಡು ಕೂರುತ್ತದೆ. ಟೂರಿಸ್ಟ್‌ಗಳು ಜಾಸ್ತಿ ಬರುವ ಬೇಸಿಗೆ ರಜೆಯಲ್ಲೇ ನೀರು ಇರುವುದಿಲ್ಲ. ಜೊತೆಗೆ ಅಡುಗೆಮನೆಯ ಕೊಳಕು, ಶೌಚಾಲಯದ ನೀರು ಎಲ್ಲಿಗೆ ಹೋಗಬೇಕು? ಹಿನ್ನೀರಿಗೇ ತಾನೆ. ಗುತ್ತಿಗೆ ಕೊಟ್ಟರೆ ಕ್ವೀನ್ ಮೇರಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ: ದೀಪದ ಸರ ಹಾಕುತ್ತಾರೆ, ಫ್ಲೆಕ್ಸ್ ಕಟ್ಟುತ್ತಾರೆ, ತಳ ನೋಡುವವರಿಲ್ಲ.

ಓಡುವ ಸ್ಥಿತಿಯಲ್ಲಿರುವ ಲಾಂಚುಗಳು ಎಲ್ಲಿ ಬೇಕೋ ಅಲ್ಲಿ ಓಡಲಿ. ಓಡುವ ಹಡಗನ್ನು ನೋಡಿಕೊಳ್ಳುವುದೇ ಸುಲಭ. ತೀರಾ ಹಳೆಯದಾದ ಒಂದನ್ನು ಮಾತ್ರ ದಡಕ್ಕೆ ಎಳೆದು, ಅತಿ ಹೆಚ್ಚಿನ ನೀರು ಬರುವ ಮಟ್ಟದಿಂದ ಮೇಲೆ, ಕಾಂಕ್ರೀಟ್ ಕಟ್ಟೆ ಮೇಲೆ ಕೂರಿಸಬೇಕು. ಮೇಲೆ ಒಂದು ಮಾಡು. ಇದೇನೂ ಹೊಸ ಉಪಾಯ ಅಲ್ಲ. ಇಂಡೊನೇಷ್ಯಾದ ಬಿಂಟಾನ್‌ನಲ್ಲಿ 1914ರಲ್ಲಿ ಕಟ್ಟಿದ ಡೂಲೊಸ್ ಫೊಸ್ ಹಡಗನ್ನು ಪೂರ್ತಿ ನೆಲಕ್ಕೆ ಏರಿಸಿ ಹೋಟೆಲ್ ಮಾಡಿದ್ದಾರೆ, ಉಪ್ಪುನೀರಿನ ಕಾಟವೇ ಇಲ್ಲ. ಅಷ್ಟು ದೂರ ಯಾಕೆ, ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಟಾಗೋರ್ ಬೀಚ್ ಹತ್ತಿರ ನೌಕಾಪಡೆಯ ಹಳೆಯ ಯುದ್ಧಹಡಗು ಐಎನ್‌ಎಸ್ ಚಾಪಲ್ ನೆಲದ ಮೇಲೆ ನಿಂತಿದೆ, 2006ರಿಂದ ಮಕ್ಕಳು ಒಳಗೆ ಹೋಗಿ ನೋಡುತ್ತಿದ್ದಾರೆ. ಕಡಲ ಗಾಳಿಗೆ ಅದಕ್ಕೂ ಬಣ್ಣ ಬಳಿಯುತ್ತಲೇ ಇರಬೇಕು, ಆದರೆ ಏಣಿ ಇಟ್ಟು ಬಳಿಯಬಹುದು, ಮುಳುಗುಗಾರ ಬೇಕಿಲ್ಲ. ಖರ್ಚಿನಲ್ಲಿ ವ್ಯತ್ಯಾಸ ಬರುವುದು ಇಲ್ಲೇ.

ಹೋಟೆಲ್ ಬೇಕೇ ಬೇಕು ಅಂದರೆ ಪಕ್ಕದಲ್ಲಿ ಒಂದು ಚಹಾ ಅಂಗಡಿ ಇರಲಿ, ತುಮರಿಯ ಹೆಂಗಸರ ಸಂಘದವರು ನಡೆಸಲಿ. ಬರುವ ದುಡ್ಡಿನಲ್ಲಿ ಒಂದು ಭಾಗ ಪ್ರತಿ ವರ್ಷ ಮೇ ತಿಂಗಳ ಬಣ್ಣಕ್ಕೆ ಅಂತ ಮೊದಲೇ ಎತ್ತಿಡಬೇಕು, ಇದು ಕಾಗದದ ಮೇಲೆ ಬರೆದಿರಬೇಕು. ಉದ್ಘಾಟನೆಯ ದಿನ ಎಷ್ಟು ಖರ್ಚಾಯಿತು ಅನ್ನುವುದಕ್ಕಿಂತ ಹತ್ತನೇ ವರ್ಷ ಬಣ್ಣಕ್ಕೆ ದುಡ್ಡು ಎಲ್ಲಿಂದ ಅನ್ನುವುದನ್ನು ಈಗಲೇ ಕೇಳೋಣ. ಪಂಚಾಯ್ತಿ ಸಭೆಯಲ್ಲಿ ನಾನೂ ಕೇಳುತ್ತೇನೆ.

ಇನ್ನೊಂದು ಕೆಲಸ ಇದೆ, ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ರಾಟರ್‌ಡ್ಯಾಮ್ ಹಡಗಿನಲ್ಲಿ ಇಂಜಿನ್ ಗೊತ್ತಿದ್ದವರೇ ಬಂದವರಿಗೆ ಇಂಜಿನ್ ತೋರಿಸುತ್ತಾರೆ. ನಮ್ಮ ಲಾಂಚ್ ಓಡಿಸಿದವರು, ಹಗ್ಗ ಎಸೆದವರು, ಟಿಕೆಟ್ ಹರಿದವರು ಇನ್ನೂ ಸಾಗರ, ತುಮರಿ, ಬ್ಯಾಕೋಡು ಸುತ್ತಮುತ್ತಲೇ ಇದ್ದಾರೆ. ಮಂಜು ಬಿದ್ದ ಬೆಳಿಗ್ಗೆ ಎದುರು ದಡ ಕಾಣದಿದ್ದಾಗ ದಿಕ್ಕು ಹೇಗೆ ಹಿಡಿಯುತ್ತಿದ್ದರು, ಗಾಳಿ ಜೋರಾದಾಗ ಬಸ್ಸನ್ನು ಎಲ್ಲಿ ನಿಲ್ಲಿಸುತ್ತಿದ್ದರು, ನೀರು ಇಳಿದಾಗ ಯಾವ ಮರದ ಬೊಡ್ಡೆ ಎಲ್ಲಿ ತಾಗುತ್ತದೆ ಅಂತ ಹೇಗೆ ನೆನಪಿಟ್ಟುಕೊಂಡಿದ್ದರು, ಇದೆಲ್ಲ ಅವರ ತಲೆಯಲ್ಲಿ ಮಾತ್ರ ಇದೆ. ಈ ಮಳೆಗಾಲ ಮುಗಿದ ಮೇಲೆ ಫೋನ್ ಹಿಡಿದು ಅವರ ಮನೆಗಳಿಗೆ ಹೋಗಿ ಮಾತು ರೆಕಾರ್ಡ್ ಮಾಡಬೇಕು ಅಂತಿದ್ದೇನೆ. ನಿಮ್ಮ ಮನೆಯವರು ಯಾರಾದರೂ ಲಾಂಚಿನಲ್ಲಿ ಕೆಲಸ ಮಾಡಿದ್ದರೆ, ಹಳೆಯ ಫೋಟೊ, ಟಿಕೆಟ್ ಏನಾದರೂ ಇದ್ದರೆ ತಿಳಿಸಿ. ಎಷ್ಟೇ ಒಳಗಿನ ಊರಾದರೂ ಬರುತ್ತೇನೆ.